ಸ್ಕಸಿ ಡಿಸ್ಕಿನಲ್ಲಿ ಉಳಿದ ಮದುವೆ

ಕಳೆದ ತಿಂಗಳು ಅಂಗಡಿಯ ಅಟ್ಟ ಖಾಲಿ ಮಾಡಿಸಿದೆ. ಮೇಲಿನಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯೊಂದನ್ನು ಬಿಚ್ಚಿದ್ದೇ ತಡ, ಬೂಷ್ಟಿನ ವಾಸನೆ ಮೂಗಿಗೆ ಬಡಿಯಿತು. ಬರೀ ಬೂಷ್ಟಲ್ಲ, ಅದರ ಜೊತೆ ಹಳೆಯ ಪ್ಲಾಸ್ಟಿಕ್ಕಿನದೂ ಸುಟ್ಟ ಬೋರ್ಡಿನದೂ ಸೇರಿದ ಒಂದು ಕಮಟು. ಒಳಗೆ ಅಂಗೈ ಅಗಲದ ಬೂದು ಬಣ್ಣದ ಪಟ್ಟಿ ಕೇಬಲ್ಲುಗಳು ಮಡಿಕೆ ಮಡಿಕೆಯಾಗಿ ಬಿದ್ದಿದ್ದವು. ಗುಜರಿಯವನು ಒಂದನ್ನು ಎತ್ತಿ ತಿರುಗಿಸಿ ನೋಡಿ, ‘ಇದ್ರಲ್ಲಿ ತಾಮ್ರನೂ ನೆಟ್ಟಗಿಲ್ಲ ಸಾರ್’ ಅಂದ. ತಗೊಂಡು ಹೋಗು ಅಂದೆ. ಅವನು ಹೋದ ಮೇಲೂ ಆ ವಾಸನೆ ಹೋಗಲಿಲ್ಲ. ಸಂಜೆಯವರೆಗೂ ನನಗೆ ಸುಬ್ಬೇಗೌಡರು ನೆನಪಾಗುತ್ತಲೇ ಇದ್ದರು.

ಎರಡು ಸಾವಿರದ ಐದಾರರ ಸುಮಾರಿನ ಮಳೆಗಾಲ ಅದು. ಆಗ ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರು ನನ್ನ ಅಂಗಡಿ. ಎಸ್ಟೇಟ್ ಆಫೀಸುಗಳಿಗೆ, ಶಾಲೆಗಳಿಗೆ ಕಂಪ್ಯೂಟರ್ ಜೋಡಿಸಿ ಕೊಡುವುದು, ಕೆಟ್ಟರೆ ರಿಪೇರಿ ಮಾಡುವುದು ನನ್ನ ಕೆಲಸ. ಆ ವರ್ಷ ನನ್ನ ತಲೆ ತಿಂದದ್ದು ಸಾಟಾ ಅನ್ನುವ ಹೊಸ ಪ್ರಾಣಿ. ತಿಳಿಯದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹಾರ್ಡ್ ಡಿಸ್ಕ್ ಅನ್ನುವುದು ಕಂಪ್ಯೂಟರಿನ ಕಣಜ. ಕಣಜಕ್ಕೆ ತುಂಬಲು, ಕಣಜದಿಂದ ತೆಗೆಯಲು ಒಂದು ದಾರಿ ಬೇಕಲ್ಲ, ಆ ದಾರಿ ಹೇಗಿರಬೇಕು ಅನ್ನುವುದಕ್ಕೆ ಕಂಪನಿಗಳು ಬೇರೆ ಬೇರೆ ಕಟ್ಟಳೆ ಮಾಡಿಕೊಂಡಿದ್ದವು. ಒಂದು ಕಟ್ಟಳೆಯ ಡಿಸ್ಕು ಇನ್ನೊಂದು ಕಟ್ಟಳೆಯ ಕಂಪ್ಯೂಟರಿಗೆ ಕೂರುವುದಿಲ್ಲ. ನಾನು ಅಲ್ಲಿಯವರೆಗೆ ಬಾಳಿದ್ದು ಐಡಿಇ ಎಂಬ ಕಟ್ಟಳೆಯಲ್ಲಿ. ಅಗಲ ಪಟ್ಟಿಯ ಕೇಬಲ್ಲು, ಒಂದು ಕೇಬಲ್ಲಿಗೆ ಎರಡು ಡಿಸ್ಕು, ಯಾವುದು ಯಜಮಾನ ಯಾವುದು ಆಳು ಅಂತ ಒಂದು ಚಿಕ್ಕ ಪಿನ್ನು ಸಿಕ್ಕಿಸಿ ಹೇಳಬೇಕು. ತಪ್ಪಿ ಇಬ್ಬರೂ ಯಜಮಾನರಾದರೆ ಕಂಪ್ಯೂಟರ್ ಏಳುವುದೇ ಇಲ್ಲ. ಇಂಥ ತರಲೆ ಇದ್ದರೂ ಅಗ್ಗ, ಎಲ್ಲ ಕಡೆ ಸಿಗುತ್ತದೆ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಕುಸಿದು ಮಂಗಳೂರಿನಿಂದ ಸಾಮಾನು ಬಾರದೆ ಹೋದರೂ ಊರಿನ ಇನ್ನೊಂದು ಮಷೀನಿನಿಂದ ಬಿಚ್ಚಿ ಹಾಕಬಹುದು. ನಮ್ಮ ಕಡೆ ಕಂಪ್ಯೂಟರ್ ಇಟ್ಟುಕೊಂಡವನಿಗೆ ವೇಗಕ್ಕಿಂತ ಅದು ದೊಡ್ಡದು.

ಈ ಮಾತಿಗೆ ತಲೆ ಆಡಿಸದವನು ಒಬ್ಬನೇ ಒಬ್ಬ, ದಾಮೋದರ. ಬಣಕಲ್‌ನಲ್ಲಿ ಹೆದ್ದಾರಿಯ ಪಕ್ಕ ಅವನ ಸ್ಟುಡಿಯೋ ಇತ್ತು. ಮದುವೆ ವಿಡಿಯೋದಲ್ಲಿ ಅವನಿಗೆ ಸುತ್ತಿನಲ್ಲಿ ದೊಡ್ಡ ಹೆಸರು. ಎಲ್ಲರೂ ಎರಡು ವಿಸಿಆರ್ ಜೋಡಿಸಿ ಎಡಿಟಿಂಗ್ ಮಾಡುತ್ತಿದ್ದ ಕಾಲದಲ್ಲೇ ಅವನು ಬೆಂಗಳೂರಿಗೆ ಹೋಗಿ ಸ್ಕಸಿ ಡಿಸ್ಕಿನ ಮಷೀನು ತಂದಿದ್ದ. ಸ್ಕಸಿ ಅಂದರೆ ಇನ್ನೊಂದು ಕಟ್ಟಳೆ, ದೊಡ್ಡ ಕಂಪನಿಗಳ ಸರ್ವರುಗಳಿಗೆ ಮಾಡಿದ್ದು. ಬೇರೆ ಕಾರ್ಡು, ಬೇರೆ ಕೇಬಲ್ಲು, ಕೇಬಲ್ಲಿನ ತುದಿಗೆ ಒಂದು ಮುಚ್ಚಳ ಬೇರೆ. ಬೆಲೆಯೂ ಹಾಗೇ. ಆದರೆ ಆ ಕಾಲದ ಐಡಿಇ ಡಿಸ್ಕಿಗೆ ವಿಡಿಯೋ ತುಂಬುವಾಗ ನಡುನಡುವೆ ಚಿತ್ರ ತಪ್ಪಿಹೋಗುತ್ತಿತ್ತು, ಮದುಮಗಳು ಹಾರ ಎತ್ತಿದವಳು ಹಾಕುವ ಮೊದಲೇ ಹಾಕಿ ಮುಗಿದಿರುತ್ತಿತ್ತು. ಸ್ಕಸಿ ಒಂದು ಚಿತ್ರವನ್ನೂ ಬಿಡುತ್ತಿರಲಿಲ್ಲ.

‘ನಿಂದು ಎತ್ತಿನ ಗಾಡಿ ಮಾರಾಯ, ನಂದು ಜೀಪು. ಎರಡೆರಡು ವಿಡಿಯೋ ಒಟ್ಟಿಗೆ ಓಡಿಸ್ತೀನಿ, ಒಂದರ ಮೇಲೊಂದು. ನಿನ್ನ ಐಡಿಇ ಒಂದನ್ನ ಓಡಿಸಕ್ಕೇ ತೇಕ್ತದೆ’ ಅನ್ನುತ್ತಿದ್ದ.

‘ಜೀಪಿನ ಬಿಡಿಭಾಗ ಬೆಂಗಳೂರಲ್ಲಿ ಇದ್ಯಲ್ಲ, ಕೆಟ್ಟ ದಿನ ಗೊತ್ತಾಗ್ತದೆ’ ಅನ್ನುತ್ತಿದ್ದೆ ನಾನು.

ಕೆಟ್ಟ ದಿನ ಬಂದೇ ಬಂತು. ಮಷೀನು ತಂದು ಎರಡನೆಯ ಬೇಸಿಗೆ ಇರಬೇಕು, ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಬಣಕಲ್‌ನ ಲೈನಿಗೆ ಸಿಡಿಲು ಬಡಿದು ಮದರ್‌ಬೋರ್ಡು, ಸ್ಕಸಿ ಕಾರ್ಡು ಎರಡೂ ಕರಕಲಾದವು. ಡಿಸ್ಕು ಬದುಕಿದೆ ಅಂತ ದಾಮೋದರನ ನಂಬಿಕೆ. ಅದನ್ನು ಪರೀಕ್ಷಿಸಲು ಊರಲ್ಲಿ ಬೇರೆ ಕಾರ್ಡು ಇರಲಿಲ್ಲ. ಅಷ್ಟರಲ್ಲಿ ಐಡಿಇಯೂ ಚುರುಕಾಗಿತ್ತು, ಸುಮ್ಮನೆ ನನ್ನ ಹತ್ತಿರವೇ ಒಂದು ಮಷೀನು ಜೋಡಿಸಿಕೊಂಡು ಹೋದ. ನಾನು ನಾಲ್ಕೈದು ವರ್ಷ ಅವನನ್ನು ಚುಡಾಯಿಸಿದೆ. ಆಮೇಲೆ ಸಾಟಾ ಎಂಬ ಮೂರನೆಯ ಕಟ್ಟಳೆ ಬಂತು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಬೆಂಗಳೂರಿಗೆ ಬಂದದ್ದು ಮೂಡಿಗೆರೆಗೂ ಬಂತು. ಬೆರಳಿನಷ್ಟು ಸಣ್ಣ ಕೇಬಲ್ಲು, ಯಜಮಾನ ಆಳು ಇಲ್ಲ, ಒಂದು ಡಿಸ್ಕಿಗೆ ಒಂದೇ ದಾರಿ. ನಾನು ಅಟ್ಟದ ತುಂಬ ಇಟ್ಟುಕೊಂಡಿದ್ದ ಐಡಿಇ ಸಾಮಾನು ನೋಡಿ ದಾಮೋದರ ನಕ್ಕ. ‘ನೀನೂ ಬಾ ನನ್ನ ಸಾಲಿಗೆ’ ಅಂದ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮಲೆನಾಡಿನ ಸ್ಟುಡಿಯೋದವರಿಗೆ ಕಳ್ಳರಿಗಿಂತ ಬೂಷ್ಟಿನ ಹೆದರಿಕೆ. ಲೆನ್ಸಿಗೆ ಬೂಷ್ಟು, ಕ್ಯಾಸೆಟ್ಟಿಗೆ ಬೂಷ್ಟು. ಹಾಗಾಗಿ ಎಲ್ಲರ ಹತ್ತಿರವೂ ಒಂದು ಬಲ್ಬಿನ ಪೆಟ್ಟಿಗೆ ಇರುತ್ತಿತ್ತು. ಮರದ ಪೆಟ್ಟಿಗೆ, ಒಳಗೆ ಮಳೆಗಾಲವಿಡೀ ಉರಿಯುವ ಸಣ್ಣ ಬಲ್ಬು, ಅದರ ಶಾಖದಲ್ಲಿ ಕ್ಯಾಮೆರಾ. ಕ್ಯಾಸೆಟ್ಟುಗಳನ್ನೆಲ್ಲ ಇಡಲು ಅಲ್ಲಿ ಜಾಗ ಇಲ್ಲ. ಹೊರಗಿಟ್ಟರೆ ಆಷಾಢ ಕಳೆಯುವುದರೊಳಗೆ ಬಿಳಿ ಕೂದಲು ಬರುತ್ತದೆ. ಹೇಗೂ ಹಾಳಾಗುವುದೇ ಅಂತ ಒಂದು ಮದುವೆಯ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಮದುವೆ ತೆಗೆಯುವುದು ರೂಢಿ. ಡಿಸ್ಕು ಬಂದ ಮೇಲಂತೂ ಯಾರಿಗೂ ಅನುಮಾನವೇ ಉಳಿಯಲಿಲ್ಲ. ಮುಚ್ಚಿದ ಲೋಹದ ಡಬ್ಬಿ, ಬೂಷ್ಟು ಎಲ್ಲಿಂದ ಬರಬೇಕು? ಸಿಡಿಲಿಗೆ ಮಷೀನು ಸುಟ್ಟ ಮೇಲೆ ದಾಮೋದರ ಆ ಸ್ಕಸಿ ಡಿಸ್ಕನ್ನು ಒರೆಸಿ ಬಲ್ಬಿನ ಪೆಟ್ಟಿಗೆಯಲ್ಲಿ ಕ್ಯಾಮೆರಾದ ಪಕ್ಕ ಇಟ್ಟ. ನಾವೆಲ್ಲ ಬೂಷ್ಟೊಂದೇ ಶತ್ರು ಅಂದುಕೊಂಡಿದ್ದೆವು. ಡಿಸ್ಕು ಚೆನ್ನಾಗಿಯೇ ಇದ್ದು ಅದನ್ನು ಸಿಕ್ಕಿಸುವ ಜಾಗವೇ ಲೋಕದಿಂದ ಇಲ್ಲವಾಗಬಹುದು ಅಂತ ಯಾರಿಗೂ ಹೊಳೆಯಲಿಲ್ಲ.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಪುನರ್ವಸು, ಪುಷ್ಯ ಎರಡೂ ಒಂದೇ ಹದದಲ್ಲಿ ಸುರಿದವು. ಅಂಗಡಿಯೊಳಗೆ ಮಧ್ಯಾಹ್ನಕ್ಕೇ ದೀಪ ಹಾಕಬೇಕು, ಹಾಕಿದರೆ ಕರೆಂಟಿಲ್ಲ. ಕಳಸದ ಕಡೆ ಗುಡ್ಡ ಜಾರಿದ ಸುದ್ದಿ ಬರುತ್ತಲೇ ಇತ್ತು. ಅಂಥ ಒಂದು ದಿನ ಬಣಕಲ್‌ನಿಂದ ದಾಮೋದರ ಬಂದ, ಜೊತೆಗೆ ಒಬ್ಬರು ವಯಸ್ಸಾದವರು, ಒಬ್ಬ ಹೆಣ್ಣುಮಗಳು. ಮುದುಕರು ಕೊಡೆ ಮಡಚಿ ಹೊರಗೆ ಒರಗಿಸಿ, ಕಾಲು ಒರೆಸಿ, ಹೇಳಿದ ಮೇಲೆಯೇ ಒಳಗೆ ಬಂದರು. ಅವರೇ ಸುಬ್ಬೇಗೌಡರು. ಹೆಣ್ಣುಮಗಳು ಅವರ ಒಬ್ಬಳೇ ಮಗಳು ಲಲಿತಾ, ಜಾವಳಿ ಕಡೆ ಮದುವೆ ಮಾಡಿಕೊಟ್ಟದ್ದು.

ಕಳಸದಿಂದ ಮೇಲೆ ಗುಡ್ಡದ ಮಗ್ಗುಲಲ್ಲಿ ಗೌಡರ ಮನೆ ಇತ್ತು. ಸುತ್ತ ಒಂದಿಷ್ಟು ಕಾಫಿ, ಮೆಣಸು. ಜಾಗ ಕಾಗದದಲ್ಲಿ ಅವರದಾಗಿರಲಿಲ್ಲ, ಅಪ್ಪನ ಕಾಲದಿಂದ ಮಾಡಿಕೊಂಡು ಬಂದದ್ದು. ಹೆಂಡತಿ ಮೂರ್ನಾಲ್ಕು ವರ್ಷದ ಹಿಂದೆ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಗುಡ್ಡ ಇಳಿದ ದಿನ ಉಪ್ಪು ಮೆಣಸಿನಕಾಯಿ ತರಲು ಕಳಸಕ್ಕೆ ಹೋಗಿದ್ದರು. ವಾಪಸ್ ಬಂದಾಗ ಮನೆಯೂ ಇಲ್ಲ, ತೋಟವೂ ಇಲ್ಲ, ಕೆಂಪು ಮಣ್ಣು ಹಳ್ಳದವರೆಗೆ ಹರವಿಕೊಂಡಿತ್ತು. ಪರಿಹಾರಕ್ಕೂ ಬದಲಿ ಜಾಗಕ್ಕೂ ಅರ್ಜಿ ಹಾಕಿದ್ದರು. ತಾಲ್ಲೂಕು ಕಚೇರಿಯವರು ಜಾಗ ನೋಡಿ ಹೋದರು. ನೋಡಲು ಅಲ್ಲೇನಿತ್ತು?

‘ಇಲ್ಲಿ ಮನೆ ಇತ್ತು ಅನ್ನಕ್ಕೆ ಏನಿದೆ ಅಂತ ಕೇಳ್ತಾರೆ’ ಅಂದರು ಗೌಡರು. ‘ನಾನಿದ್ದೀನಲ್ಲ ಸ್ವಾಮಿ ಅಂದೆ. ನೀವಿದ್ದೀರಿ, ಮನೆ ಎಲ್ಲಿ ಅಂದ್ರು.’

‘ಕಾಗದ ಪತ್ರ ಎಲ್ಲ ಮನೆ ಜೊತೇಲೇ ಹೋಯ್ತು’ ಅಂದಳು ಲಲಿತಾ. ‘ಪಕ್ಕದ ಮನೆಯವರು ಹೇಳಿದ್ರೆ ಸಾಲ್ದಂತೆ, ಅವ್ರದ್ದೂ ಇದೇ ಥರದ ಜಾಗ. ಫೋಟೋನೋ ವಿಡಿಯೋನೋ ಇದ್ರೆ ಗಣಪತಿ ಹಬ್ಬದೊಳಗೆ ತಂದು ತೋರ್ಸಿ, ಆಮೇಲೆ ಫೈಲು ಮುಗ್ಸಿ ಮೇಲಿನವ್ರಿಗೆ ಕಳಿಸ್ತೀವಿ ಅಂದಿದಾರೆ. ನನ್ನ ಮದುವೆ ಅಲ್ಲೇ ಆದದ್ದಲ್ವಾ, ಮನೆ ಅಂಗಳದಲ್ಲಿ.’

ಮದುವೆಯ ಕ್ಯಾಸೆಟ್ಟು ಅವಳ ಗಂಡನ ಮನೆಯಲ್ಲಿತ್ತು, ಹೊಸದರಲ್ಲಿ ಒಮ್ಮೆ ನೋಡಿ ಎತ್ತಿಟ್ಟದ್ದು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದಿದ್ದಳು. ಬಿಚ್ಚಿದರೆ ಟೇಪಿನ ಸುರುಳಿಯ ತುಂಬ ಬಿಳಿ ಬೂಷ್ಟು. ದಾಮೋದರ ಸ್ಟುಡಿಯೋದಲ್ಲಿ ಒರೆಸಿ ಓಡಿಸಿ ನೋಡಿದ್ದನಂತೆ, ವಿಸಿಆರ್ ನುಂಗಿ ಹರಿದುಹಾಕಿತ್ತು. ಫೋಟೋ ಆಲ್ಬಮ್ಮು ಮಣ್ಣಿನಡಿ ಇತ್ತು. ದಾಮೋದರ ಮದುವೆ ತೆಗೆದಿದ್ದ ಮೂಲ ಕ್ಯಾಸೆಟ್ಟಿನ ಮೇಲೆ ಯಾರ್ಯಾರದೋ ಮದುವೆ, ಗೃಹಪ್ರವೇಶ ಆಗಿ ಹೋಗಿದ್ದವು.

‘ಆದ್ರೆ ಆ ಡಿಸ್ಕಲ್ಲಿ ಉಂಟು’ ಅಂದ ದಾಮೋದರ. ‘ಸಿಡಿಲು ಬಡಿಯೋ ಮೊದ್ಲು ಅದ್ರಲ್ಲಿ ನಾನು ಪೂರ್ತಿ ಮಾಡಿದ್ದ ಕೊನೇ ಮದುವೆ ಇವರದ್ದೇ. ಒಂದು ಸ್ಕಸಿ ಕಾರ್ಡ್ ಹುಡುಕು ಮಾರಾಯ.’

ಎಷ್ಟೋ ವರ್ಷ ಅವನ ಸ್ಕಸಿಯನ್ನು ಹೀಯಾಳಿಸಿದವನು ನಾನು. ಈಗ ಅದಕ್ಕಾಗಿ ಊರೂರು ಅಲೆದೆ. ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಹಳೆಯ ಸರ್ವರು ಇದೆ ಅಂತ ಕೇಳಿ ಮಳೆಯಲ್ಲಿ ಹೋದೆ. ಅದನ್ನು ಹೋದ ವರ್ಷವೇ ಗುಜರಿಗೆ ಹಾಕಿದ್ದರು. ಒಂದು ಪ್ರಿಂಟಿಂಗ್ ಪ್ರೆಸ್ಸಿನವರು ಹಳೆಯ ಸ್ಕ್ಯಾನರಿನ ಜೊತೆ ಬಂದಿದ್ದ ಚಿಕ್ಕ ಸ್ಕಸಿ ಕಾರ್ಡನ್ನು ಡ್ರಾಯರಿನ ತಳದಿಂದ ತೆಗೆದುಕೊಟ್ಟರು. ಖುಷಿಯಿಂದ ತಂದು ನೋಡಿದರೆ ಅದರ ಬಾಯಿ ಬೇರೆ, ನಮ್ಮ ಡಿಸ್ಕಿನ ಬಾಯಿ ಬೇರೆ. ಹೆಸರು ಒಂದೇ ಸ್ಕಸಿ, ಒಳಗೆ ನೂರೆಂಟು ಪಂಗಡ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು. ಎರಡನ್ನೂ ಕೂಡಿಸುವ ಅಡಾಪ್ಟರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಹಳೆ ಕಂಪ್ಯೂಟರ್ ಅಂಗಡಿಗಳಲ್ಲಿ ಪರಿಚಯದವರೊಬ್ಬರು ಹುಡುಕಬೇಕು, ಸಿಕ್ಕರೆ ಬಸ್ಸಿಗೆ ಹಾಕಬೇಕು.

ಕಾಯುವ ಆ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಗೌಡರು ಜಾವಳಿಯಿಂದ ಬೆಳಗಿನ ಬಸ್ಸಿಗೆ ಬಂದು ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದರು. ಬರಬೇಡಿ, ಬಂದ ಕೂಡಲೇ ಫೋನು ಮಾಡುತ್ತೇನೆ ಅಂದರೂ ಕೇಳುತ್ತಿರಲಿಲ್ಲ. ಮಗಳ ಮನೆಯಲ್ಲಿ ಹಗಲೆಲ್ಲ ಹೇಗೆ ಕೂತಿರಲಿ ಅನ್ನುತ್ತಿದ್ದರು. ಕೇಬಲ್ಲುಗಳನ್ನು ಕೈಗೆತ್ತಿಕೊಂಡು ನೋಡುತ್ತಿದ್ದರು. ಒಮ್ಮೆ ಐಡಿಇ, ಸಾಟಾ, ಸ್ಕಸಿ ಮೂರನ್ನೂ ಮೇಜಿನ ಮೇಲಿಟ್ಟು ವ್ಯತ್ಯಾಸ ಹೇಳಿದೆ. ಪೂರ್ತಿ ಕೇಳಿದರು.

‘ಕೆಲ್ಸ ಒಂದೇ ಅಲ್ವಾ ಮೂರದ್ದೂ?’

‘ಒಂದೇ ಗೌಡ್ರೆ.’

‘ಮತ್ತೆ ಯಾಕೆ ಬೇರೆ ಬೇರೆ ಮಾಡಿದ್ದು?’

‘ಒಂದಕ್ಕಿಂತ ಒಂದು ಜೋರು ಅಂತ.’

‘ಹಳೇದು ಇಟ್ಕೊಂಡವ್ರು ಏನ್ ಮಾಡ್ಬೇಕು?’ ಅಂದರು. ನಾನು ಟೀ ತರಿಸಿದೆ.

ಹಬ್ಬಕ್ಕೆ ಒಂದು ವಾರ ಇದೆ ಅನ್ನುವಾಗ ಅಡಾಪ್ಟರು ಬಂತು, ಕಂಡಕ್ಟರ್ ಅದನ್ನು ಜರ್ದಾ ಡಬ್ಬಿಯ ಜೊತೆ ಒಂದೇ ಚೀಲದಲ್ಲಿ ತಂದಿದ್ದ. ದಾಮೋದರ ಬಲ್ಬಿನ ಪೆಟ್ಟಿಗೆಯಿಂದ ಡಿಸ್ಕು ತೆಗೆದು, ಸ್ವೆಟರಿನೊಳಗೆ ಇಟ್ಟುಕೊಂಡು ಬೈಕಿನಲ್ಲಿ ಬಂದ. ಕಾರ್ಡು ಸಿಕ್ಕಿಸಿ ಡಿಸ್ಕು ಜೋಡಿಸಿದರೆ ಕಂಪ್ಯೂಟರಿಗೆ ಅದು ಕಾಣಲೇ ಇಲ್ಲ. ಕೇಬಲ್ಲಿನ ತುದಿಗೆ ಮುಚ್ಚಳ ಹಾಕಿಲ್ಲ ಅಂತ ದಾಮೋದರನಿಗೇ ನೆನಪಾಯಿತು. ಹಾಕಿದ ಮೇಲೆ ಡಿಸ್ಕು ಕೀರಲು ದನಿ ತೆಗೆದು ಸುತ್ತತೊಡಗಿತು. ಪರದೆಯ ಮೇಲೆ ಅದರ ಹೆಸರು ಮೂಡಿತು. ದಾಮೋದರ ನನ್ನ ಹೆಗಲು ಹಿಡಿದುಕೊಂಡ.

ಸ್ಕ್ಯಾನರಿನ ಕಾರ್ಡು ಬಹಳ ನಿಧಾನ. ವಿಡಿಯೋ ನೇರವಾಗಿ ಓಡುವುದಿಲ್ಲ, ಮೊದಲು ನನ್ನ ಐಡಿಇ ಡಿಸ್ಕಿಗೆ ಇಳಿಸಿಕೊಳ್ಳಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಪಕ್ಕದ ಬೇಕರಿಯವರ ಜನರೇಟರಿನಿಂದ ವೈರು ಎಳೆದೆವು. ಡಿಸ್ಕಿನಲ್ಲಿ ಮುಗಿಸಿದ ಸಿನಿಮಾ ಇತ್ತು, ಎಡಿಟ್ ಮಾಡುವ ಮೊದಲಿನ ಚಿತ್ರ ಇರಲಿಲ್ಲ. ಡಿಸ್ಕು ಚಿಕ್ಕದು, ಮುಂದಿನ ಮದುವೆಗೆ ಜಾಗ ಬೇಕು ಅಂತ ದಾಮೋದರ ಅದನ್ನು ಅಳಿಸಿ ಅಲ್ಲಿಗೆ ಬೇರೆಯವರ ಮದುವೆ ತುಂಬಲು ಶುರು ಮಾಡಿದ್ದನಂತೆ. ಪರವಾಗಿಲ್ಲ, ಮುಗಿಸಿದ್ದು ಇದೆಯಲ್ಲ ಅಂದುಕೊಂಡೆವು. ಜಾವಳಿಗೆ ಫೋನು ಮಾಡಿದೆ. ತಂದೆ, ಮಗಳು ಮಧ್ಯಾಹ್ನದ ಬಸ್ಸಿಗೆ ಬಂದರು. ಗೌಡರು ಶುಭ್ರ ಪಂಚೆ ಉಟ್ಟು, ಹೆಗಲ ಮೇಲೆ ಜರಿ ಅಂಚಿನ ವಲ್ಲಿ ಹಾಕಿಕೊಂಡಿದ್ದರು.

ಚಿತ್ರ ಶುರುವಾಯಿತು. ಓಲಗದ ಸದ್ದು ಬಂತು. ಪರದೆಯ ತುಂಬ ಹಿಮದ ಬೆಟ್ಟಗಳು, ಹಳದಿ ಹೂವಿನ ಬಯಲು, ನಾವು ಯಾರೂ ನೋಡಿರದ ಯಾವುದೋ ದೇಶ. ಆ ಬೆಟ್ಟಗಳ ನಡುವೆ ಒಂದು ಹೃದಯದ ಆಕಾರ, ಅದರೊಳಗೆ ಲಲಿತಾ ಮತ್ತು ಅವಳ ಗಂಡ. ಧಾರೆಯೂ ಹೃದಯದೊಳಗೆ, ಆರತಿಯೂ ಹೃದಯದೊಳಗೆ. ನೆಂಟರು ಬಂದು ಅಕ್ಕಿಕಾಳು ಹಾಕುವಾಗ ಹೃದಯ ಹೋಗಿ ಮೊಟ್ಟೆಯಾಕಾರ ಬಂತು, ಹಿಂದೆ ಜಲಪಾತ ಸುರಿಯುತ್ತಿತ್ತು. ಹೃದಯದ ಅಂಚಿನಲ್ಲಿ ಒಬ್ಬ ಹೆಂಗಸಿನ ಅರ್ಧ ಮುಖ ಕಂಡು ಮರೆಯಾಯಿತು. ‘ಅವ್ವ’ ಅಂದಳು ಲಲಿತಾ. ನಾವು ಮನೆಗಾಗಿ ಕಾಯುತ್ತಿದ್ದೆವು. ಒಂದು ಕಡೆ ಮಾತ್ರ ಹಂಚಿನ ಮಾಡಿನ ಮೂಲೆಯೊಂದು ಕಾಣಿಸಿತು, ಅಷ್ಟರಲ್ಲಿ ನಾಲ್ಕೂ ಕಡೆಯಿಂದ ಗುಲಾಬಿಗಳು ಹಾರಿಬಂದು ಮುಚ್ಚಿಬಿಟ್ಟವು.

ಮುಗಿಯುವವರೆಗೂ ನೋಡಿದೆವು. ಗೋಡೆ ಇಲ್ಲ, ಬಾಗಿಲಿಲ್ಲ, ಅಂಗಳದ ಆಚೆಯ ಕಾಫಿ ಗಿಡ ಒಂದೂ ಇಲ್ಲ. ಎರಡು ವಿಡಿಯೋ ಒಟ್ಟಿಗೆ ಓಡಿಸುವ ಜೀಪು ಅದರ ಕೆಲಸವನ್ನು ಒಂದು ಚಿತ್ರವೂ ತಪ್ಪದ ಹಾಗೆ ಮಾಡಿತ್ತು. ನನ್ನ ಎತ್ತಿನ ಗಾಡಿಯಲ್ಲಿ ಮಾಡಿದ್ದರೆ ಇದ್ದದ್ದು ಇದ್ದ ಹಾಗೆ ಇರುತ್ತಿತ್ತು, ತಡೆತಡೆದು ಓಡಿದರೂ ಮನೆ ಮನೆಯಾಗಿಯೇ ಕಾಣುತ್ತಿತ್ತು. ಈ ಮಾತು ನಾಲಿಗೆಯ ತುದಿಗೆ ಬಂತು. ದಾಮೋದರನ ಮುಖ ನೋಡಿ ನುಂಗಿಕೊಂಡೆ.

‘ನನ್ನಿಂದಾಯ್ತು ಗೌಡ್ರೆ. ನನ್ನ ಕೈ ಚಪಲ, ಇಷ್ಟೂ ಮುಚ್ಚಿದ್ದು ನೆನಪೇ ಇರ್ಲಿಲ್ಲ’ ಅಂದ ಅವನು.

ಗೌಡರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ‘ನಿಂದೆಂತ ತಪ್ಪು?’ ಅಂದರು. ‘ಮದುವೆ ಹಿಂದಿನ ದಿನ ನಿನ್ನನ್ನ ಪಕ್ಕಕ್ಕೆ ಕರ್ದು ಹೇಳಿದ್ದು ನಾನಲ್ವಾ? ಮಣ್ಣಿನ ಗೋಡೆ, ಸಾರಣೆ ಬಿದ್ದಿದೆ, ಬೀಗರು ಈ ಕ್ಯಾಸೆಟ್ ಹತ್ತು ಜನಕ್ಕೆ ತೋರಿಸ್ತಾರೆ, ಮಗಳಿಗೆ ಅಲ್ಲಿ ತಲೆ ತಗ್ಗಬಾರ್ದು. ಹೆಂಗಾದ್ರೂ ಮಾಡಿ ಮನೆ ಕಾಣ್ದಂಗೆ ಮಾಡಪ್ಪ ಅಂತ. ನೀನು ಮಾಡ್ಕೊಟ್ಟೆ. ಆದ್ರೂ ಎಲ್ಲೋ ಒಂದು ಕಡೆ ಒಂದಿಷ್ಟಾದ್ರೂ ಕಂಡೀತು ಅಂತ ಆಸೆ ಇತ್ತು.’

ಲಲಿತಾಗೆ ಈ ವಿಷಯ ಗೊತ್ತಿರಲಿಲ್ಲ. ಅವಳು ಅಪ್ಪನನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ಹೊರಗೆ ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಬೇಕರಿಯ ಜನರೇಟರು ಬಡಬಡಿಸುತ್ತಿತ್ತು. ನನಗೆ ಅಳು ಬಂದದ್ದು ನಿಜ.

ಆದರೂ ಸಿಡಿಗೆ ಹಾಕಿಕೊಟ್ಟೆ. ಕಚೇರಿಯಲ್ಲಿ ಒಬ್ಬರು ಕೂತು ಸಮಾಧಾನವಾಗಿಯೇ ನೋಡಿದರಂತೆ. ಮಾಡಿನ ಮೂಲೆ ಬಂದಾಗ ನಿಲ್ಲಿಸಿಯೂ ನೋಡಿದರಂತೆ. ಇದು ಯಾವ ಮನೆಯದೂ ಆಗಬಹುದಲ್ಲ, ನಾನು ಏನಂತ ಬರೆಯಲಿ ಅಂದರಂತೆ. ಅವರನ್ನೂ ಬೈಯುವ ಹಾಗಿರಲಿಲ್ಲ. ಹಬ್ಬ ಕಳೆದ ಮೇಲೆ ಗೌಡರ ಅರ್ಜಿ ಆಗುವುದಿಲ್ಲ ಅಂತ ವಾಪಸ್ ಬಂತು. ದಾಮೋದರ ಆಮೇಲೆ ಎರಡು ವರ್ಷ ಯಾರ ಮದುವೆಗೂ ಹೃದಯ, ಹೂವು ಹಾಕಲಿಲ್ಲ. ಜನ ಬೇರೆ ಸ್ಟುಡಿಯೋಕ್ಕೆ ಹೋದರು. ಕೊನೆಗೆ ಅವನು ಕ್ಯಾಮೆರಾ ಮಾರಿ ಬಾಡಿಗೆ ಗಾಡಿ ಓಡಿಸತೊಡಗಿದ.

ಗೌಡರು ಬೀಗರ ಮನೆಯಲ್ಲೇ ಉಳಿದರು. ಮಾರನೆಯ ವರ್ಷ ಜಾವಳಿಯ ಕಡೆ ಒಂದು ಎಸ್ಟೇಟಿನ ಕಂಪ್ಯೂಟರ್ ನೋಡಲು ಹೋದವನು ಅವರನ್ನು ಮಾತಾಡಿಸೋಣ ಅಂತ ಹೋದೆ. ದೊಡ್ಡ ಮನೆ, ಸಿಮೆಂಟಿನ ಕಣ. ಅದರ ಮೂಲೆಯಲ್ಲಿ ಕೂತು ಒಣಗಿದ ಮೆಣಸು ಉಜ್ಜುತ್ತಿದ್ದರು. ನನ್ನನ್ನು ಕಂಡು ಎದ್ದರು, ಮುಖ ಅರಳಿತು. ಮಳೆ ಹನಿಯಲು ಶುರುವಾಗಿತ್ತು. ನಮ್ಮ ಕಡೆ ಅಂಗಳಕ್ಕೆ ಬಂದವರನ್ನು ಒಳಗೆ ಕರೆದು ಒಂದು ಲೋಟ ಕಾಫಿ ಕೊಡದೆ ಯಾರೂ ಕಳಿಸುವುದಿಲ್ಲ. ಗೌಡರು ಬಾಗಿಲ ಕಡೆ ಒಮ್ಮೆ ನೋಡಿದರು, ನನ್ನನ್ನು ನೋಡಿದರು.

‘ಲಲಿತಾ ತೋಟಕ್ಕೆ ಹೋಗಿದಾಳೆ. ಬನ್ನಿ ಅಂತ ಕರೆಯಕ್ಕೆ ನಮ್ಮನೆ ಅಲ್ವಲ್ಲ ಮಂಜಣ್ಣ’ ಅಂದರು.

ಕೊಡೆ ಬಿಡಿಸಿ ನನ್ನ ಜೊತೆ ರಸ್ತೆಯವರೆಗೆ ಬಂದರು. ಬಸ್ಸು ಬರುವವರೆಗೂ ಇಬ್ಬರೂ ಅಲ್ಲೇ ನಿಂತುಕೊಂಡು ಮಾತಾಡಿದೆವು.